ಯೋಗಾಚಾರ್ಯ ಕೃಷ್ಣಮಾಚಾರ್ಯರು

ಸಿರುಗುಪ್ಪದ ಗದ್ದೆಗಳಲ್ಲಿ ನಾಟಿಮಾಡಿದ ಭತ್ತವು ಎಷ್ಟು ತಿಂಗಳಿಗೆ ತೆನೆಗಟ್ಟುವುದೆಂಬುದನ್ನು ಅಲ್ಲಿಯ ರೈತನು ತಡವರಿಸದೆ ಹೇಳಬಲ್ಲನು. ಬಳ್ಳಾರಿ ನಗರದ ದರ್ಜಿಯು ಒಂದು ಉಡುಪನ್ನು ಎಂದು ಹೊಲಿದುಕೊಡುವೆನೆಂದು ದಿನವನ್ನು ಗೊತ್ತುಮಾಡಬಲ್ಲನು. ಆದರೆ ಕುರುಗೋಡಿನ ದೊಡ್ಡಬಸವೇಶ್ವರ ದೇವಾಲಯದ ಏಕಶಿಲಾ ನಂದಿಯನ್ನು ಕಡೆದ ಶಿಲ್ಪಿಗೆ ಅಂಥ ಕೈ ಬರಲು ಎಷ್ಟು ವರ್ಷಗಳು ಹಿಡಿದವೆಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಯೋಗವಿದ್ಯೆಯೂ ಇಂಥದೇ. ೨೦೧೫ರಿಂದ ಜೂನ್ ೨೧ನೆಯ ದಿನವು ಅಂತರರಾಷ್ಟ್ರೀಯ ಯೋಗ ದಿನವೆಂದು ಆಚರಣೆಗೆ ಬಂದಿದೆ. ಆ ದಿನ ಶಾಲೆಯ ಬಯಲಿನಲ್ಲಿ ಮೊದಲ ಬಾರಿಗೆ ಪದ್ಮಾಸನ ಹಾಕಲು ಹೋಗಿ, ಒಂದು ಮೊಣಕಾಲು ನೆಲಕ್ಕೆ ತಾಗದೆ ಮೇಲೆಯೇ ನಿಂತಾಗ, ಇದು ತನಗೆ ಎಂದು ಕೈಗೂಡೀತು ಎಂಬ ಪ್ರಶ್ನೆ ಯಾವ ವಿದ್ಯಾರ್ಥಿಯ ಮನಸ್ಸಿನಲ್ಲಿಯಾದರೂ ಏಳುವುದು ಸಹಜ.

ಬಳ್ಳಾರಿಯಿಂದ ಕುರುಗೋಡು, ಕಂಪ್ಲಿಗಳ ಮಾರ್ಗವಾಗಿ ಹಂಪೆಯತ್ತ ಹೋದರೆ, ಅಲ್ಲಿಯ ವಿಜಯನಗರ ಕಾಲದ ದೇವಾಲಯಗಳ ಕಂಬಗಳ ಮೇಲೆ ನಾನಾ ಭಂಗಿಗಳಲ್ಲಿರುವ ಯೋಗಿಗಳ ಉಬ್ಬುಶಿಲ್ಪಗಳು ಕಾಣಸಿಗುತ್ತವೆ. ಜಟೆ ಕಟ್ಟಿದವರು, ಯೋಗಪಟ್ಟ ಬಿಗಿದವರು, ಕೈಗಳನ್ನೂರಿ ದೇಹವನ್ನು ಮೇಲೆತ್ತಿದವರು ಅಲ್ಲಿದ್ದಾರೆ. ಐದಾರು ಶತಮಾನಗಳಷ್ಟು ಹಿಂದೆಯೇ ಈ ಸೀಮೆಯ ಜನರಿಗೆ ಯೋಗಾಸನಗಳು ಪರಿಚಿತವಾಗಿದ್ದವೆಂಬುದಕ್ಕೆ ಅವು ಸಾಕ್ಷಿ. ಆದರೆ ಆ ಯೋಗಿಗಳು ಎಷ್ಟು ಕಾಲ ಸಾಧನೆ ಮಾಡಿದರೆಂಬುದನ್ನು ಕಲ್ಲು ಹೇಳದು. ಅದನ್ನು ತಿಳಿಯಬೇಕಾದರೆ ನಮಗೆ ಹತ್ತಿರದ ಕಾಲದ ಒಬ್ಬ ಸಾಧಕರ ಬಾಳನ್ನು ನೋಡಬೇಕು. ಬಳ್ಳಾರಿಯ ನೆರೆಯ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ, ನೂರು ವರ್ಷ ಬಾಳಿ, ಇಪ್ಪತ್ತನೆಯ ಶತಮಾನದಲ್ಲಿ ಯೋಗವು ಲೋಕದಲ್ಲೆಲ್ಲ ಹರಡಲು ಮುಖ್ಯ ಕಾರಣರಾದವರಲ್ಲಿ ಒಬ್ಬರೆನಿಸಿದ ತಿರುಮಲೈ ಕೃಷ್ಣಮಾಚಾರ್ಯರು ಅಂಥವರು.

ಕೃಷ್ಣಮಾಚಾರ್ಯರು ೧೮೮೮ರ ನವೆಂಬರ್ ೧೮ರಂದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರವೆಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರು, ತಾಯಿ ರಂಗನಾಯಕಮ್ಮ. ವೈಷ್ಣವ ಆಚಾರ್ಯರಲ್ಲಿ ಮೊದಲಿಗರಾದ ನಾಥಮುನಿಗಳ ವಂಶ ತಮ್ಮದೆಂದು ಆ ಮನೆತನದವರ ನಂಬಿಕೆ. ಐದಾರು ವರ್ಷದ ಬಾಲಕನಿಗೆ ತಂದೆಯೇ ಉಪನಯನ ಮಾಡಿ, ಸಂಸ್ಕೃತವನ್ನೂ ವೇದಮಂತ್ರಗಳನ್ನೂ ಹೇಳಿಕೊಟ್ಟರು. ಯೋಗದ ಮೊದಲ ಪಾಠವೂ ಆ ತಂದೆಯಿಂದಲೇ ಆಯಿತು. ಆದರೆ ಈ ಭಾಗ್ಯ ಬಹುಕಾಲ ಉಳಿಯಲಿಲ್ಲ. ಹುಡುಗನಿಗೆ ಹತ್ತು ವರ್ಷವಾದಾಗ ತಂದೆ ತೀರಿಕೊಂಡರು. ಕುಟುಂಬವು ಮೈಸೂರಿಗೆ ಬಂದಿತು. ಅಲ್ಲಿಯ ಪರಕಾಲ ಮಠದಲ್ಲಿಯೂ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿಯೂ ಬಾಲಕನ ವಿದ್ಯಾಭ್ಯಾಸ ಮುಂದುವರಿಯಿತು.

ಹದಿನೆಂಟನೆಯ ವಯಸ್ಸಿನಲ್ಲಿ, ಎಂದರೆ ೧೯೦೬ರಲ್ಲಿ, ಅವರು ಕಾಶಿಗೆ ಹೋದರು. ಅಲ್ಲಿ ಶಿವಕುಮಾರ ಶಾಸ್ತ್ರಿಗಳಂಥ ವಿದ್ವಾಂಸರ ಬಳಿ ತರ್ಕ, ವ್ಯಾಕರಣಗಳನ್ನು ಓದಿ, ೧೯೦೯ರಲ್ಲಿ ಮೈಸೂರಿಗೆ ಹಿಂದಿರುಗಿ ವೇದಾಂತವನ್ನು ಅಭ್ಯಾಸಮಾಡಿದರು. ವೀಣಾವಾದನವನ್ನೂ ಕಲಿತರು. ೧೯೧೪ರಲ್ಲಿ ಮತ್ತೆ ಕಾಶಿಗೆ ತೆರಳಿದರು. ಊಟ, ವಸತಿಗಳಿಗೆ ನಿಶ್ಚಿತವಾದ ಏರ್ಪಾಡಿಲ್ಲದ ವಿದ್ಯಾರ್ಥಿಜೀವನ ಅವರದು. ಕಾಶಿಯಲ್ಲಿ ಓದುತ್ತಿದ್ದಾಗ ಯೋಗದ ಬಗೆಗೆ ಅವರಲ್ಲಿ ಮೊದಲಿನಿಂದಲೂ ಇದ್ದ ಆಸಕ್ತಿ ಬಲವಾಯಿತು. ಷಡ್ದರ್ಶನಗಳಲ್ಲಿ ಐದನ್ನು ಗ್ರಂಥಗಳಿಂದ ಕಲಿಯಬಹುದು. ಯೋಗವೊಂದನ್ನು ಮಾತ್ರ ಅನುಭವವುಳ್ಳ ಗುರುವಿನ ಬಳಿ ಇದ್ದು, ದೇಹ ಮತ್ತು ಉಸಿರುಗಳನ್ನು ಪಳಗಿಸಿಯೇ ಕಲಿಯಬೇಕೆಂಬುದು ಅವರಿಗೆ ಮನವರಿಕೆಯಾಯಿತು.

ಅಂಥ ಗುರುವನ್ನು ಅರಸುತ್ತ ಅವರು ಹಿಮಾಲಯವನ್ನು ದಾಟಿ ಹೋದರು. ಮಾನಸ ಸರೋವರದ ಸೀಮೆಯಲ್ಲಿ ಮಡದಿ ಮಕ್ಕಳೊಡನೆ ವಾಸಿಸುತ್ತಿದ್ದ ರಾಮಮೋಹನ ಬ್ರಹ್ಮಚಾರಿಗಳೆಂಬವರ ಬಳಿ ಏಳೂವರೆ ವರ್ಷಗಳ ಕಾಲ ಶಿಷ್ಯವೃತ್ತಿಯಲ್ಲಿ ಇದ್ದರು. ಈ ಭಾಗದ ವಿವರಗಳೆಲ್ಲ ಆಚಾರ್ಯರು ತಮ್ಮ ಮಕ್ಕಳಿಗೂ ಶಿಷ್ಯರಿಗೂ ಹೇಳಿದುದರಿಂದ ತಿಳಿದುಬಂದವು. ಕಾಲದ ಲೆಕ್ಕದಲ್ಲಿ ಕೆಲವು ತೊಡಕುಗಳಿರುವುದನ್ನು ಈಚಿನ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಅದು ಹೇಗಾದರೂ ಇರಲಿ, ಅವರ ಪಾಲಿಗೆ ಅದೊಂದು ದೀರ್ಘವಾದ ಗುರುಕುಲವಾಸವಾಗಿತ್ತೆಂಬುದು ನಿಜ. ಪತಂಜಲಿಯ ಯೋಗಸೂತ್ರಗಳನ್ನು ಕಂಠಸ್ಥ ಮಾಡುವುದು, ಆಸನ ಪ್ರಾಣಾಯಾಮಗಳನ್ನು ಸಾಧಿಸುವುದು, ಅವುಗಳಿಂದ ರೋಗಿಗಳಿಗೆ ಉಪಚಾರ ಮಾಡುವ ಬಗೆಯನ್ನು ಅರಿಯುವುದು, ಇವು ಅಲ್ಲಿಯ ಪಾಠಗಳು. ಕೊನೆಗೆ ಗುರುದಕ್ಷಿಣೆಯ ಮಾತು ಬಂದಾಗ ಗುರುಗಳು ಹಣವನ್ನಾಗಲಿ ಸೇವೆಯನ್ನಾಗಲಿ ಬೇಡಲಿಲ್ಲ. ಊರಿಗೆ ಹಿಂದಿರುಗಿ, ಮದುವೆಯಾಗಿ, ಸಂಸಾರವಂದಿಗನಾಗಿದ್ದುಕೊಂಡು ಯೋಗವನ್ನು ಕಲಿಸಬೇಕೆಂದು ಅಪ್ಪಣೆ ಮಾಡಿದರು. ತಂದೆಯ ಬಳಿ ಮೊದಲ ಪಾಠವಾದಂದಿನಿಂದ ಎಣಿಸಿದರೆ, ತಾವು ಕಲಿಸಲು ಅರ್ಹರೆಂದು ಗುರುವಿನಿಂದ ಒಪ್ಪಿಗೆ ಪಡೆಯಲು ಅವರಿಗೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ಇಷ್ಟು ವಿದ್ಯೆ ಗಳಿಸಿ ಬಂದವರಿಗೆ ನಾಡಿನಲ್ಲಿ ಮನ್ನಣೆ ಕಾದಿರಲಿಲ್ಲ. ೧೯೨೫ರಲ್ಲಿ ನಾಮಗಿರಿಯಮ್ಮನವರೊಡನೆ ಅವರ ವಿವಾಹ ನಡೆಯಿತು. ಯೋಗವನ್ನು ಕಲಿಯುವವರೇ ವಿರಳವಾಗಿದ್ದ ಕಾಲ. ಅದರಿಂದ ಜೀವನ ಸಾಗುವಂತಿರಲಿಲ್ಲ. ಕಾಶಿಯ ಪಂಡಿತರಿಂದ ಮೆಚ್ಚುಗೆ ಪಡೆದ ವಿದ್ವಾಂಸರು ಹಾಸನದ ಕಡೆಯ ಕಾಫಿತೋಟವೊಂದರಲ್ಲಿ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿದರು. ಚಡ್ಡಿ, ಅರೆತೋಳಿನ ಅಂಗಿ, ತಲೆಗೆ ಟೋಪಿ, ಕೈಯಲ್ಲೊಂದು ಕೋಲು, ಇದು ಆಗಿನ ಅವರ ವೇಷ. ಆ ಕೆಲಸದ ನಡುವೆಯೂ ಬಿಡುವು ದೊರೆತಾಗ ಊರೂರಿಗೆ ಹೋಗಿ ಉಪನ್ಯಾಸ ಮಾಡಿ, ಆಸನಗಳನ್ನು ಮಾಡಿ ತೋರಿಸುತ್ತಿದ್ದರು. ೧೯೨೭ರಲ್ಲಿ ಹಾಸನದಲ್ಲಿ ನಡೆದ ಅಂಥದೊಂದು ಪ್ರದರ್ಶನವನ್ನು ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬನು ಕಣ್ಣರಳಿಸಿ ನೋಡಿದನು. ಮರುದಿನವೇ ಆಚಾರ್ಯರ ಮನೆಗೆ ಹೋಗಿ, ತನಗೂ ಕಲಿಸಬೇಕೆಂದು ಬೇಡಿದನು. ಮನೆಯವರಿಗೆ ತಿಳಿಸದೆಯೇ ಎರಡು ವರ್ಷ ಕಲಿತನು. ಆ ಹುಡುಗನೇ ಮುಂದೆ ಮೈಸೂರಿನಲ್ಲಿ ಅಷ್ಟಾಂಗ ಯೋಗದ ಗುರುಗಳಾಗಿ ಪ್ರಸಿದ್ಧರಾದ ಕೆ. ಪಟ್ಟಾಭಿ ಜೋಯಿಸರು.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಆ ಅರಮನೆಗೆ ಯೋಗವು ಹೊಸದೇನೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯೆಂಬ ಗ್ರಂಥದಲ್ಲಿ ೧೨೨ ಆಸನಗಳನ್ನು ಚಿತ್ರಸಹಿತವಾಗಿ ವಿವರಿಸಲಾಗಿದೆ. ಕೃಷ್ಣಮಾಚಾರ್ಯರ ವಿದ್ವತ್ತು ನಾಲ್ವಡಿಯವರ ಗಮನಕ್ಕೆ ಬಂದಿತು. ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಮರುವರ್ಷ ಕನ್ನಡದಲ್ಲಿ ಅವರು ಬರೆದ ‘ಯೋಗಮಕರಂದ’ ಹೊರಬಂದಿತು. ಇಂದು ಲೋಕದ ನಾನಾ ಭಾಷೆಗಳಲ್ಲಿ ಯೋಗದ ಪುಸ್ತಕಗಳಿವೆ. ಈ ಪರಂಪರೆಯ ಮೊದಲ ಪುಸ್ತಕ ಕನ್ನಡದಲ್ಲಿ ಹುಟ್ಟಿತೆಂಬುದನ್ನು ಕನ್ನಡಿಗರೇ ಎಷ್ಟೋ ವೇಳೆ ನೆನೆಯುವುದಿಲ್ಲ.

ಯೋಗಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಅರಮನೆಗೆ ಸಂಬಂಧಪಟ್ಟ ಹುಡುಗರು. ಎಳೆಯ ಮೈ, ಚುರುಕಾದ ಕೈಕಾಲು, ಒಂದೆಡೆ ಕೂರಲಾರದ ಮನಸ್ಸು. ಇವರಿಗೆ ಒಂದಾದ ಮೇಲೊಂದು ಆಸನವನ್ನು ಉಸಿರಿಗೆ ಹೊಂದಿಸಿ ಸರಪಣಿಯಂತೆ ಮಾಡಿಸುವ ಕ್ರಮವನ್ನು ಆಚಾರ್ಯರು ರೂಢಿಸಿದರು. ೧೯೪೧ರಲ್ಲಿ ಪ್ರಕಟವಾದ ‘ಯೋಗಾಸನಗಳು’ ಎಂಬ ತಮ್ಮ ಮತ್ತೊಂದು ಕನ್ನಡ ಪುಸ್ತಕದಲ್ಲಿ ಅವರು ಆಸನಗಳನ್ನು ಆರಂಭದವು, ನಡುವಣವು, ಪ್ರೌಢವಾದವು ಎಂದು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿ ಪಟ್ಟಿಮಾಡಿದರು. ಕಲಿಯುವವನು ಒಂದು ಮೆಟ್ಟಿಲಿನಲ್ಲಿ ನೆಲೆನಿಂತ ಬಳಿಕ ಮುಂದಿನದಕ್ಕೆ ಕಾಲಿಡಬೇಕೆಂಬುದು ಇದರ ಆಶಯ.

ಆದರೆ ಆ ಕಾಲದ ಅವಸರಗಳೇ ಬೇರೆ. ಯೋಗವನ್ನು ಜನ ಮರೆತಿದ್ದರು. ಅವರ ಕಣ್ಣನ್ನು ಸೆಳೆಯದೆ ಅದು ಮತ್ತೆ ಬಾಳಲಾರದೆಂದು ಆಚಾರ್ಯರು ಬಗೆದಿದ್ದರು. ಪ್ರದರ್ಶನದ ಮೇಲೆ ಪ್ರದರ್ಶನ ನಡೆಯುತ್ತಿದ್ದವು. ಪ್ರದರ್ಶನಕ್ಕೆ ದಿನ ಗೊತ್ತಾಗಿರುತ್ತಿತ್ತು. ಆ ದಿನದೊಳಗೆ ಶಿಷ್ಯರ ಮೈ ಬಾಗಬೇಕಾಗಿತ್ತು. ಇದರ ಕಷ್ಟವನ್ನು ಹೆಚ್ಚಾಗಿ ಅನುಭವಿಸಿದವರು ಅವರ ಮಡದಿಯ ತಮ್ಮನೇ ಆದ ಬಿ. ಕೆ. ಎಸ್. ಅಯ್ಯಂಗಾರ್. ೧೯೧೮ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಈ ಬಾಲಕನು ಮಲೇರಿಯ, ವಿಷಮಶೀತಜ್ವರ, ಕ್ಷಯ ಮೊದಲಾದ ರೋಗಗಳಿಂದ ಬಡಕಲಾಗಿದ್ದನು. ೧೯೩೪ರಲ್ಲಿ ಭಾವನ ಮನೆಗೆ ಬಂದಾಗ, ಬಗ್ಗಿದರೆ ಅವನ ಬೆರಳುಗಳು ಮೊಣಕಾಲಿನಿಂದ ಕೆಳಗೆ ಹೋಗುತ್ತಿರಲಿಲ್ಲ. ಭಾವನೂ ಅವನಲ್ಲಿ ಹೆಚ್ಚಿನ ಭರವಸೆ ಇಟ್ಟಿರಲಿಲ್ಲ. ಯೋಗಶಾಲೆಯ ಮೆಚ್ಚಿನ ಶಿಷ್ಯನೊಬ್ಬನು ಒಂದು ದಿನ ಹೇಳದೆ ಕೇಳದೆ ಹೊರಟುಹೋದಾಗ, ಪ್ರದರ್ಶನ ಹತ್ತಿರವಾಗಿದ್ದುದರಿಂದ, ಈ ಹುಡುಗನನ್ನು ಕೆಲವೇ ದಿನಗಳಲ್ಲಿ ಕಠಿಣವಾದ ಆಸನಗಳಿಗೆ ಸಿದ್ಧಗೊಳಿಸಬೇಕಾಯಿತು. ಮುಂದೊಮ್ಮೆ ಎರಡು ಕಾಲುಗಳನ್ನೂ ಹಿಂದಕ್ಕೂ ಮುಂದಕ್ಕೂ ಪೂರ್ತಿಯಾಗಿ ಚಾಚಿ ನೆಲಕ್ಕೆ ಕೂರುವ ಹನುಮಾನಾಸನವನ್ನು ಸಭೆಯ ಮುಂದೆ ಮಾಡುವಂತೆ ಗುರುವಿನ ಆಜ್ಞೆಯಾಯಿತು. ಚಡ್ಡಿ ಬಿಗಿಯಾಗಿದೆಯೆಂದು ತಪ್ಪಿಸಿಕೊಳ್ಳಲು ಹುಡುಗನು ನೋಡಿದನು. ಗುರುಗಳು ಕತ್ತರಿ ತರಿಸಿ ಚಡ್ಡಿಯ ಎರಡು ಪಕ್ಕಗಳನ್ನೂ ಕತ್ತರಿಸಿಬಿಟ್ಟರು. ಆಸನವೇನೋ ಆಯಿತು, ಆದರೆ ತೊಡೆಯ ಹಿಂಭಾಗದ ಸ್ನಾಯುಗಳು ಹರಿದು, ಆ ನೋವು ಬಹುಕಾಲ ಕಾಡಿತು. ಅಯ್ಯಂಗಾರರು ಇಳಿವಯಸ್ಸಿನಲ್ಲಿಯೂ ಈ ಪ್ರಸಂಗವನ್ನು ಮರೆತಿರಲಿಲ್ಲ. ಇಪ್ಪತ್ತೈದು ವರ್ಷ ತಾಳ್ಮೆಯಿಂದ ಕಲಿತ ಗುರುವೇ ಶಿಷ್ಯನಿಗೆ ಕೆಲವು ದಿನಗಳ ಗಡುವು ಹಾಕಿದುದು ಸರಿಯೆಂದು ಹೇಳುವಂತಿಲ್ಲ.

೧೯೩೭ರಲ್ಲಿ ಪುಣೆಯಿಂದ ಯೋಗಶಿಕ್ಷಕರೊಬ್ಬರು ಬೇಕೆಂದು ಕೇಳಿಕೆ ಬಂದಾಗ ಅಯ್ಯಂಗಾರರನ್ನು ಆರು ತಿಂಗಳ ಮಟ್ಟಿಗೆ ಕಳುಹಿಸಲಾಯಿತು. ಹದಿನೆಂಟರ ಯುವಕನಿಗೆ ಮರಾಠಿ ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ. ಕಲಿಯಲು ಬಂದವರಲ್ಲಿ ಕೆಲವರ ಮೈಕಟ್ಟು ಕಲಿಸುವವನದಕ್ಕಿಂತ ಚೆನ್ನಾಗಿತ್ತು. ತನಗೆ ತಿಳಿದುದು ಎಷ್ಟು ಕಡಮೆಯೆಂಬುದು ಅಲ್ಲಿ ಅವರಿಗೆ ಅರಿವಾಯಿತು. ದಿನಕ್ಕೆ ಹತ್ತು ಗಂಟೆಗಳವರೆಗೂ ಒಬ್ಬರೇ ಅಭ್ಯಾಸಮಾಡಿ, ಒಂದೊಂದು ಆಸನದಲ್ಲಿಯೂ ಎಲುಬು, ಕೀಲು, ಚರ್ಮಗಳು ಹೇಗಿರಬೇಕೆಂಬುದನ್ನು ತಮ್ಮ ಮೈಯಲ್ಲಿಯೇ ಶೋಧಿಸಿದರು. ಸುಮಾರು ಮೂವತ್ತು ವರ್ಷಗಳ ಬಳಿಕ, ೧೯೬೬ರಲ್ಲಿ, ಅವರ ಇಂಗ್ಲಿಷ್ ಗ್ರಂಥ ‘ಲೈಟ್ ಆನ್ ಯೋಗ’ ಪ್ರಕಟವಾಯಿತು. ಅದರ ಕೊನೆಯಲ್ಲಿ ಕಲಿಯುವವರಿಗಾಗಿ ವಾರವಾರದ ಅಭ್ಯಾಸಕ್ರಮವೊಂದಿದೆ. ಅದು ಮುಗಿಯುವುದು ೩೦೦ ವಾರಗಳಿಗೆ, ಎಂದರೆ ಹೆಚ್ಚು ಕಡಮೆ ಆರು ವರ್ಷಗಳಿಗೆ. ಕೆಲವೇ ದಿನಗಳಲ್ಲಿ ಸಿದ್ಧನಾಗಬೇಕಾದ ಹುಡುಗನು ಬೆಳೆದು ದೊಡ್ಡವನಾಗಿ ತನ್ನ ಓದುಗರಿಗೆ ಕೊಟ್ಟ ಕಾಲಾವಕಾಶವಿದು!

ಇದೇ ಕಾಲದಲ್ಲಿ ಮೈಸೂರಿಗೆ ಇಂದ್ರಾದೇವಿಯೆಂಬ ಯೂರೋಪಿನ ಮಹಿಳೆ ಬಂದರು. ಹೆಣ್ಣುಮಕ್ಕಳಿಗೆ, ಅದರಲ್ಲಿಯೂ ವಿದೇಶೀಯರಿಗೆ, ಕಲಿಸಲು ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರೇ ಹೇಳಿದ ಮೇಲೆ ಒಪ್ಪಿದರೂ, ಆಕೆ ತಾನಾಗಿ ಬಿಟ್ಟುಹೋಗಲೆಂದು ಆಹಾರ ವಿಹಾರಗಳಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿದರು. ಆಕೆ ಎಲ್ಲವನ್ನೂ ಪಾಲಿಸಿದರು. ಕೊನೆಗೆ ಆಚಾರ್ಯರೇ ಮನಸೋತು, ಆಕೆಗೆ ಪ್ರಾಣಾಯಾಮವನ್ನೂ ಕಲಿಸಿ, ಮುಂದೆ ಇತರರಿಗೆ ಬೋಧಿಸಬೇಕೆಂದು ಹೇಳಿ ಕಳುಹಿಸಿದರು. ೧೯೩೯ರಲ್ಲಿ ಶಾಂಘಾಯಿಯಲ್ಲಿಯೂ ಅನಂತರ ಅಮೆರಿಕದಲ್ಲಿಯೂ ಆಕೆ ಯೋಗಶಾಲೆಗಳನ್ನು ತೆರೆದರು.

೧೯೪೦ರಲ್ಲಿ ನಾಲ್ವಡಿಯವರು ಕಾಲವಾದರು. ಅದರೊಡನೆ ಯೋಗಶಾಲೆಯ ದೊಡ್ಡ ಆಸರೆ ತಪ್ಪಿತು. ಸ್ವಾತಂತ್ರ್ಯ ಬಂದು, ಅರಮನೆಯ ಆಡಳಿತ ಹೋಗಿ, ೧೯೫೦ರಲ್ಲಿ ಯೋಗಶಾಲೆಯ ಬಾಗಿಲು ಮುಚ್ಚಿತು. ಅರುವತ್ತನ್ನು ದಾಟಿದ ಆಚಾರ್ಯರು ದೊಡ್ಡ ಸಂಸಾರದ ಭಾರ ಹೊತ್ತು ಮತ್ತೆ ಕೆಲಸವನ್ನು ಅರಸಬೇಕಾಯಿತು. ಪಾರ್ಶ್ವವಾಯುವಿಗೆ ತುತ್ತಾದ ನ್ಯಾಯವಾದಿಯೊಬ್ಬರಿಗೆ ಉಪಚಾರ ಮಾಡಬೇಕೆಂಬ ಕರೆಯನ್ನು ಮನ್ನಿಸಿ ಅವರು ೧೯೫೨ರಲ್ಲಿ ಮದರಾಸಿಗೆ ಹೋದರು, ಅಲ್ಲಿಯೇ ನೆಲೆಸಿದರು. ಅದರ ಮರುವರ್ಷ, ೧೯೫೩ರ ಅಕ್ಟೋಬರ್ ೧ರಂದು, ಅದುವರೆಗೆ ಮದರಾಸಿಗೆ ಸೇರಿದ್ದ ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಬಂದಿತು. ಬಳ್ಳಾರಿ ಈ ಕಡೆಗೆ, ಮೈಸೂರಿನ ಆಚಾರ್ಯರು ಆ ಕಡೆಗೆ!

ಮದರಾಸಿನಲ್ಲಿ ಹಳೆಯ ಅಬ್ಬರವಿರಲಿಲ್ಲ. ಸಭೆಗಳಿಲ್ಲ, ಸಾಲುಸಾಲಾಗಿ ಬಾಗುವ ಹುಡುಗರಿಲ್ಲ. ಮನೆಯ ಕೋಣೆಯಲ್ಲಿ ಒಬ್ಬ ಗುರು, ಎದುರಿಗೆ ಒಬ್ಬನೇ ಶಿಷ್ಯ ಅಥವಾ ಒಬ್ಬ ರೋಗಿ. ಬಂದವರ ನಾಡಿಯನ್ನು ಹಿಡಿದು ನೋಡುವರು, ಉಸಿರಾಟವನ್ನು ಗಮನಿಸುವರು, ವಯಸ್ಸು, ಉದ್ಯೋಗ, ಊಟ, ನಿದ್ರೆಗಳನ್ನು ವಿಚಾರಿಸುವರು. ಆಮೇಲೆ ಅವರವರ ಶಕ್ತಿಗೆ ತಕ್ಕ ಅಭ್ಯಾಸವನ್ನು ಗೊತ್ತುಮಾಡುವರು. ಬೆನ್ನು ಬಾಗದ ಮುದುಕನಿಗೆ ಕೈಯೆತ್ತಿ ಉಸಿರೆಳೆದುಕೊಳ್ಳುವುದೇ ಆಸನ. ಗರ್ಭಿಣಿಗೆ ಒಂದು ಬಗೆ, ಶಾಲೆಯ ಬಾಲಕನಿಗೆ ಇನ್ನೊಂದು ಬಗೆ. ಆಸನಕ್ಕೆ ಮನುಷ್ಯನನ್ನು ಹೊಂದಿಸುವ ಮಾತು ಹಿಂದೆ ಸರಿದು, ಮನುಷ್ಯನಿಗೆ ಆಸನವನ್ನು ಹೊಂದಿಸುವ ಕ್ರಮ ಮುಂದಕ್ಕೆ ಬಂದಿತು. ಇದರ ಬೀಜ ಅವರ ಮೊದಲಿನ ಬೋಧನೆಯಲ್ಲಿಯೂ ಇದ್ದಿರಬಹುದು. ಆದರೆ ಅದು ಮರವಾಗಿ ಬೆಳೆದುದು ಅವರ ಅರುವತ್ತೈದರ ನಂತರ. ಹೆಣ್ಣುಮಕ್ಕಳಿಗೆ ಕಲಿಸಲೊಲ್ಲದಿದ್ದವರು ಈಗ ಅವರನ್ನು ಆದರದಿಂದ ಶಿಷ್ಯರನ್ನಾಗಿ ಮಾಡಿಕೊಂಡರು. ೧೯೫೫ರಲ್ಲಿ ಹದಿಹರೆಯದವರಾಗಿ ಬಂದ ಶ್ರೀವತ್ಸ ರಾಮಸ್ವಾಮಿಯವರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅವರಲ್ಲಿ ಪಾಠ ಹೇಳಿಸಿಕೊಂಡರು. ಅಭ್ಯಾಸವು ಬೇರೂರಬೇಕಾದರೆ ಅದು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಯಬೇಕೆಂದು ಪತಂಜಲಿ ವಿಧಿಸಿದ್ದಾನೆ. ದೀರ್ಘಕಾಲವೆಂದರೆ ಎಷ್ಟೆಂದು ಅವನೂ ಎಣಿಸಿ ಹೇಳಲಿಲ್ಲ.

ಆಚಾರ್ಯರ ಮಗ ದೇಶಿಕಾಚಾರ್ ಇಂಜಿನಿಯರಿಂಗ್ ಪದವಿ ಪಡೆದು ಉದ್ಯೋಗದ ದಾರಿ ಹಿಡಿದಿದ್ದರು. ತಂದೆಯ ವಿದ್ಯೆಯಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ಬಾಲ್ಯದಲ್ಲಿ ಆಸನದ ಪಾಠ ತಪ್ಪಿಸಿಕೊಳ್ಳಲು ಮರವೇರಿ ಕುಳಿತದ್ದೂ ಉಂಟು. ೧೯೬೦ರ ದಶಕದ ಆರಂಭದಲ್ಲಿ ಒಂದು ದಿನ ಅವರು ಮನೆಯ ಜಗಲಿಯಲ್ಲಿದ್ದಾಗ ಕಾರೊಂದು ಬಂದು ನಿಂತಿತು. ಅದರಿಂದಿಳಿದ ವಿದೇಶೀ ಮಹಿಳೆಯೊಬ್ಬರು ಬಾಗಿಲಿಗೆ ಬಂದ ವೃದ್ಧ ಆಚಾರ್ಯರನ್ನು ಸಂತೋಷದಿಂದ ಅಪ್ಪಿಕೊಂಡರು. ಕಟ್ಟಾ ಆಚಾರವಂತರಾದ ತಂದೆಯವರಿಗೆ ಇದೇನಾಯಿತೆಂದು ಮಗನು ಬೆರಗಾದರು. ಬಹುಕಾಲದಿಂದ ಮಾತ್ರೆಯಿಲ್ಲದೆ ನಿದ್ರೆ ಬಾರದಿದ್ದ ಆಕೆಗೆ ಹಿಂದಿನ ರಾತ್ರಿ ತಾನಾಗಿಯೇ ನಿದ್ರೆ ಬಂದಿತ್ತೆಂದು ಆಮೇಲೆ ತಿಳಿಯಿತು. ಕಷ್ಟದ ಯಾವ ಆಸನವೂ ಆಕೆಗೆ ಬರುತ್ತಿರಲಿಲ್ಲ. ಮಗನು ಉದ್ಯೋಗದ ಯೋಚನೆಯನ್ನು ಬಿಟ್ಟು ತನಗೂ ಕಲಿಸಬೇಕೆಂದು ಕೇಳಿದರು. ತಂದೆ ಕೂಡಲೇ ಹಿಗ್ಗಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಪಾಠಕ್ಕೆ ಬರಬೇಕೆಂದು ಹೇಳಿ ಮಗನ ನಿಷ್ಠೆಯನ್ನು ಪರೀಕ್ಷಿಸಿದರು.

ಮೈಸೂರಿನ ದಿನಗಳಲ್ಲಿ ಆಚಾರ್ಯರು ತಮ್ಮ ನಾಡಿಯ ಬಡಿತವನ್ನು ತಡೆದು ತೋರಿಸಿದ್ದರು. ೧೯೩೦ರ ದಶಕದಲ್ಲಿ ಫ್ರಾನ್ಸಿನ ವೈದ್ಯೆ ತೆರೆಸ್ ಬ್ರಾಸ್ ಉಪಕರಣಗಳೊಡನೆ ಬಂದು ಅದನ್ನು ಪರೀಕ್ಷಿಸಿ ದಾಖಲೆ ಮಾಡಿಕೊಂಡಿದ್ದರು. ಆ ವಿದ್ಯೆಯನ್ನು ತನಗೂ ಹೇಳಿಕೊಡಬೇಕೆಂದು ದೇಶಿಕಾಚಾರ್ ಕೇಳಿದಾಗ ತಂದೆ ನಿರಾಕರಿಸಿದರು. ಅದರಿಂದ ಸಮಾಜಕ್ಕೆ ಉಪಯೋಗವಿಲ್ಲ, ಅಹಂಕಾರ ಬೆಳೆಯುತ್ತದೆಯೆಂಬುದು ಅವರ ಅಭಿಪ್ರಾಯವಾಗಿತ್ತು. ಸಾಧನೆಯ ತುದಿಯೆಂದು ಜನರು ಬೆರಗಾಗಿ ನೋಡಿದುದನ್ನೇ ಅವರು ಪಾಠದ ಪಟ್ಟಿಯಿಂದ ತೆಗೆದುಹಾಕಿದ್ದರು.

ದೇಶಿಕಾಚಾರ್ ೧೯೭೬ರಲ್ಲಿ ತಂದೆಯ ಹೆಸರಿನಲ್ಲಿ ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು. ಆಚಾರ್ಯರಿಗೆ ಆಗ ಎಂಬತ್ತೆಂಟು ವರ್ಷ. ಹೊರದೇಶಗಳಿಂದ ಶಿಷ್ಯರು ಅರಸಿಕೊಂಡು ಬರುತ್ತಿದ್ದರು. ಅವರಾದರೋ ಕಡಲನ್ನು ದಾಟಿ ಎಲ್ಲಿಗೂ ಹೋದವರಲ್ಲ. ಇಷ್ಟು ಕಲಿಸಿದ ಮೇಲೂ ಅವರು ತಮ್ಮನ್ನು ವಿದ್ಯಾರ್ಥಿಯೆಂದೇ ಭಾವಿಸುತ್ತಿದ್ದರು.

ತೊಂಬತ್ತಾರನೆಯ ವಯಸ್ಸಿನಲ್ಲಿ ಅವರು ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದಂತೆಯೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ತಮಗಾಗಿ ತಾವೇ ರಚಿಸಿಕೊಂಡರು. ನೂರಾರು ಆಸನಗಳನ್ನು ಬಲ್ಲ ಆ ದೇಹಕ್ಕೆ ಆಗ ಸಾಧ್ಯವಿದ್ದುದು ಕೆಲವು ಚಲನೆಗಳು ಮಾತ್ರ. ಅವುಗಳನ್ನೇ ಉಸಿರಿನೊಡನೆ ಕೂಡಿಸಿ, ಮೊದಲ ಪಾಠ ಕಲಿಯುವವನಂತೆ ಮತ್ತೆ ಆರಂಭಿಸಿದರು.

೧೯೮೯ರ ಫೆಬ್ರುವರಿ ೨೮ರಂದು ಕೃಷ್ಣಮಾಚಾರ್ಯರು ಮದರಾಸಿನಲ್ಲಿ ಕಾಲವಶರಾದರು. ಆ ವೇಳೆಗೆ ಎಪ್ಪತ್ತು ವರ್ಷದ ಅಯ್ಯಂಗಾರರು ಪುಣೆಯಲ್ಲಿಯೂ, ಅವರಿಗಿಂತ ಮೂರು ವರ್ಷ ಹಿರಿಯರಾದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿಯೂ ಶಿಷ್ಯರಿಗೆ ಪಾಠ ಹೇಳುತ್ತಿದ್ದರು.